ಕದ್ದು ತಿದ್ದಿದ ಬೆಸುಗೆ

"ಏಯ್, ಬಿಡ್ರೀ ಅದನ್ನ!"

ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್ನನ್ನು ಪೆನ್ಸಿಲಿನಂತೆ ತುದಿಯಲ್ಲೇ ಹಿಡಿಯಹೊರಟಿದ್ದ ಅವಳ ಮಣಿಕಟ್ಟನ್ನು ಅವನು ಗಬಕ್ಕನೆ ಹಿಡಿದೆಳೆದ. ಅವನು ಲಿಫ್ಟ್ ಮೆಕ್ಯಾನಿಕ್. ಲೈಬ್ರರಿಯ ಮೇಲಿನ ಕೋಣೆಯಲ್ಲಿ ವಾರಕ್ಕೊಮ್ಮೆ ಹವ್ಯಾಸಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ.

"ಸುಟ್ಕೊಂಡ್ರೆ ನಾಳೆ ಹೊಲಿಗೆ ಯಾರು ಹಾಕ್ತಾರೆ, ಟೈಲರಮ್ಮಾ?"

"ಹಾಕ್ತೀನಿ, ನಿಮ್ಮ ಬಾಯಿಗೆ!"

ಎಲ್ಲರೂ ನಕ್ಕರು. ಅವನು ಮಾತ್ರ ಕೈ ಬಿಡುವುದನ್ನೇ ಮರೆತಿದ್ದ...

ಅವಳಿಗೆ ಬೇಕಾಗಿದ್ದುದು ಒಂದೇ. ಕಿವಿ ಪೂರ್ತಿ ಹೋದ ಅಮ್ಮನಿಗಾಗಿ, ಬಾಗಿಲ ಗುಂಡಿ ಒತ್ತಿದರೆ ಉರಿಯುವ ದೀಪ.

"ಬಾಗಿಲು ಬಡಿದ್ರೂ ಕೇಳಿಸಲ್ಲ. ಅಂಥ ಅಮ್ಮನ್ನ ಒಬ್ಬಳೇ ಬಿಟ್ಟು ಅಂಗಡಿಗೆ ಹೋಗ್ತೀಯಲ್ಲೇ! ನಾನು ಕರ್ಕೊಂಡು ಹೋಗ್ತೀನಿ," ಎಂದು ಅಣ್ಣ ಪಟ್ಟು ಹಿಡಿದಿದ್ದ.

ಅಮ್ಮನಿಲ್ಲದ ಮನೆ... ಅವಳಿಗೆ ಊಹಿಸಲೂ ಆಗುತ್ತಿರಲಿಲ್ಲ.

ಈ ವಾರ ಮಾಡಿದ್ದನ್ನು ಬೀರುವಿನಲ್ಲಿಟ್ಟು ಮುಂದಿನ ವಾರ ಹಚ್ಚಿ ನೋಡುವುದು ತರಗತಿಯ ರೂಢಿ. ಮಿಣುಕುವ ಬಲ್ಬು, ಚಿಲಿಪಿಲಿಗುಟ್ಟುವ ಪೆಟ್ಟಿಗೆ, ಅವಳದೆಲ್ಲವೂ ಕೆಲಸ ಮಾಡಿದವು. ನನ್ನ ಕೈಗೂ ವಿದ್ಯೆ ಹತ್ತಿತಲ್ಲ! ಅದೇ ಧೈರ್ಯದಲ್ಲಿ ಅಮ್ಮನ ದೀಪವನ್ನು ಮನೆಯಲ್ಲಿ ಒಬ್ಬಳೇ ಮಾಡಿ, ಗೋಡೆಗೆ ಹಾಕಿ, ಅಣ್ಣನನ್ನು ಕರೆದಳು.

ಅಣ್ಣ ಗುಂಡಿ ಒತ್ತಿದ. ಮತ್ತೆ ಒತ್ತಿದ.

ಒಳಗೆ ಅಮ್ಮ ಗೋಡೆಯನ್ನೇ ನೋಡುತ್ತಾ ಕೂತಿದ್ದಳು. ದೀಪ ಉರಿಯಲಿಲ್ಲ. ಸಂಜೆಯ ಹೊತ್ತಿಗೆ ಅಣ್ಣ ಅಮ್ಮನನ್ನು ತನ್ನ ಮನೆಗೆ ಕರೆದೊಯ್ದಿದ್ದ; ಅವಳ ಮಂಚ ಖಾಲಿಯಾಗಿತ್ತು.

ಮುಂದಿನ ತರಗತಿಗೆ ಎಲ್ಲರಿಗಿಂತ ಮೊದಲೇ ಬಂದು ಆ ದೀಪದ ಬೋರ್ಡನ್ನು ಅವನೆದುರು ಕುಕ್ಕಿದಳು.

"ಇಲ್ಲಿ ಎಲ್ಲಾ ಉರೀತಿತ್ತು. ಅಲ್ಲಿ ಯಾಕೆ ಉರೀಲಿಲ್ಲ?"

ಅವನು ಬೆರಳು ತಾಗಿಸಿದ. ತಂತಿ ಕಳಚಿ ಕೈಗೇ ಬಂತು.

"ಮೊದಲು ತಂತೀನ ಕಾಯಿಸ್ಬೇಕು. ನೀವು ಐರನ್ ಮೇಲೆ ಸೀಸ ಕರಗಿಸಿ ಸುರೀತೀರಿ, ಅದು ಹಿಡ್ಕೊಳಲ್ಲ... ಮೊದಲಿಂದಲೂ ಹಾಗೇ ಮಾಡ್ತಿದ್ರಿ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಹೋದ್ಮೇಲೆ ನಾನೇ ತಿದ್ದಿಡ್ತಿದ್ದೆ. ನನ್ನ ಕೈಲಿ ಆಗಲ್ಲ ಅಂತ ನೀವು ಬರೋದನ್ನೇ ನಿಲ್ಲಿಸಿಬಿಟ್ರೆ..." ಅವನ ದನಿ ಇಳಿಯಿತು. "ನನಗೆ ನೀವಂದ್ರೆ ಇಷ್ಟ. ತುಂಬಾ."

"ಆ ಇಷ್ಟಕ್ಕೇ ನನ್ನಮ್ಮ ಹೋದ್ಲು!"

ಅಣ್ಣ ಮನಸ್ಸು ಬದಲಿಸುವವನಲ್ಲ. ಈ ದೀಪ ಇನ್ನು ಯಾರಿಗೂ ಬೇಕಿರಲಿಲ್ಲ. ಆದರೂ ಅವಳು ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಐರನ್ ಕೈಗೆತ್ತಿಕೊಂಡಳು. ಒಂದೊಂದೂ ತಂತಿಯನ್ನು ಕಾಯಿಸಿ ಬೆಸೆದು, ಗುಂಡಿ ಒತ್ತಿದಳು.

ಉರಿಯಲಿಲ್ಲ.

ಅವನ ಕೈ ತಾನಾಗಿ ಮುಂದೆ ಬಂತು. ಅವಳು ತಲೆಯೆತ್ತಿ ನೋಡಿದಳು. ಅವನು ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡು ಕೂತ.

"ಎಲ್ಲಿ ತಪ್ಪಿದೆ?"

"ಎಡಗಡೆಯದು. ಸರಿಯಾಗಿ ಕಾಯೋ ಮುಂಚೆನೇ ಸೀಸ ಹಾಕಿಬಿಟ್ರಿ."

"ತುಂಬಾ ಕೆಟ್ಟದಾಗಿದೆಯಾ?"

"ತುಂಬಾ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನದಲ್ಲಿ, ತಾನೇ ತಿದ್ದಿಬಿಡದೆ ಅವನು ಅವಳಿಗೆ ಹೇಳಿದ ಮೊದಲ ನಿಜ ಅದು.

"ಎದ್ದು ಹೋಗ್ಬೇಡಿ..." ಎಂದಳು.

"ಹೋಗಲ್ಲ. ಕೈನೂ ಹಾಕಲ್ಲ."