ಎಲೆಬುಟ್ಟಿಯ ಮಂಡಲ

ಒಂದು ಓಟಿನಿಂದ ಸೋತದ್ದನ್ನು ನಿವೃತ್ತ ವಿಜ್ಞಾನ ಮಾಸ್ತರ ವಿರೂಪಾಕ್ಷಪ್ಪನವರು ಹೇಗೋ ನುಂಗಿಕೊಂಡಾರು. ಆದರೆ ಮೈಲಾರಲಿಂಗಪ್ಪನ ಎದುರು ಸೋತದ್ದನ್ನು ಅವರಿಗೆ ನುಂಗಲಾಗಲಿಲ್ಲ. ಏಳನೇ ತರಗತಿಯಲ್ಲಿ ಎರಡು ಸಲ ನಪಾಸಾದವನು, ಪಾಠದ ನಡುವೆ ಎದ್ದು ಬಾಯಿ ಹಾಕಿ ಇವರ ಕೈಯಲ್ಲೇ ಬೆತ್ತದ ಏಟು ತಿಂದ ಕುರಿಗಾಹಿಯ ಮಗ, ಈಗ ಸಂತೆಕಲ್ಲೂರಿನ ಮಂಡಲ ಪ್ರಧಾನ! ಗೆದ್ದ ದಿನ ಕಾಲಿಗೆ ಬೇರೆ ಬಿದ್ದಿದ್ದ. “ಮಾಸ್ತರ, ಪುಸ್ತಕ ನಿಮಗ ಬಾಯಿಪಾಠ ಐತ್ರಿ. ಊರು ಇಲ್ರಿ.”

ಮಂಡಲ ಪ್ರಧಾನನಿಗೆ ಮಂಡಲದ ಹಾವೇ ತಕ್ಕದ್ದೆಂದು ಮಾಸ್ತರರು ತೀರ್ಮಾನಿಸಿದರು. ಈ ಎರೆ ಸೀಮೆಯದಲ್ಲ. ದಾಂಡೇಲಿ ಕಡೆಯ ಬಿದಿರುಮೆಳೆಯ ಹಸಿರು ಮಂಡಲ. ಬಾಲದಿಂದ ಕೊಂಬೆ ಸುತ್ತಿಕೊಂಡು ದಿನಗಟ್ಟಲೆ ಎಲೆಯ ಹಾಗೆ ಕೂರುತ್ತದೆ. ಕಣ್ಣು ಮೂಗಿನ ನಡುವಿನ ಕುಳಿಯಿಂದ ಬಿಸಿ ಮೈಯನ್ನು ಅರಿಯುತ್ತದೆ. ಮಧ್ಯಾಹ್ನ ಬೇವಿನ ಕಟ್ಟೆಯಲ್ಲಿ, ತಗ್ಗಿನ ಕೊಂಬೆಗೆ ರುಮಾಲು ತಾಗುವಂತೆ ಕೂರುವ ಪ್ರಧಾನನಿಗಿಂತ ಬಿಸಿ ಮೈ ಎಲ್ಲಿ ಸಿಕ್ಕೀತು? ಊರವರೋ, ಹಸಿರು ಹಾವು ಕಣ್ಣು ಕುಕ್ಕುತ್ತದೆಂದು ನಂಬಿದ ಜನ. ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಾರೆ.

ಸಂತೆಯ ದಿನ ಕಟ್ಟೆಯ ಮಂದಿಗೆಲ್ಲ ವೀಳ್ಯದೆಲೆ ಹಂಚುವುದು ಮಾಸ್ತರರ ಹಳೆಯ ರೂಢಿ. ದಾಂಡೇಲಿಗೆ ಹೋಗಿ ತಂದ ಹಾವೂ ಅದೇ ಎಲೆಬುಟ್ಟಿಯಲ್ಲಿ ಅವರೊಂದಿಗೆ ಲಿಂಗಸುಗೂರು ಬಸ್ಸಿಳಿದು ಬಂತು. ಒದ್ದೆ ಎಲೆಯ ತಳದಲ್ಲಿ ಎರಡು ದಿನ ಸುಮ್ಮನಿತ್ತು. ಸಂತೆಯ ದಿನ ಕಟ್ಟೆ ಖಾಲಿ ಇರುವಾಗಲೇ ಹೋಗಿ, ಅಡುಗೆಮನೆಯ ಇಕ್ಕಳದಿಂದ ಹಿಡಿದು ಕೊಂಬೆಗೆ ಬಿಟ್ಟರು. ತಂದ ದಿನ ತುಂಬಿಕೊಂಡಿದ್ದ ಹೊಟ್ಟೆ ಜೋಲು ಬಿದ್ದಿತ್ತು. ಹಸಿದಿದೆ, ಒಳ್ಳೆಯದೇ ಆಯಿತು ಅಂದುಕೊಂಡರು. ಬುಟ್ಟಿಯನ್ನು ಎಸೆಯಲಿಲ್ಲ. ಸಂತೆಯ ದಿನ ಬುಟ್ಟಿಯಿಲ್ಲದ ಮಾಸ್ತರರನ್ನು ಊರು ಕಂಡೇ ಇರಲಿಲ್ಲ. ಅಂಥ ತಪ್ಪು ದಡ್ಡರು ಮಾಡುವುದು.

ಮಧ್ಯಾಹ್ನ ಪ್ರಧಾನ ಬಂದು ತನ್ನ ಜಾಗದಲ್ಲೇ ಕೂತ. ಮೇಲೆ ಹಾವು ಎಲೆಯೊಳಗೆ ಎಲೆ.

“ಎಲಿ ತೆಗೀರಿ ಮಾಸ್ತರ,” ಅಂದ ಹಲ್ಲಿಲ್ಲದ ಮುದುಕಪ್ಪ. “ಸೋತ ಸಿಟ್ಟಿಗೆ ಎಲಿನೂ ಬಂದ್ ಮಾಡೀರೇನು?”

“ಏ, ಸುಮ್ಕಿರೋ ಯಜ್ಜ. ನಮ್ಮ ಮಾಸ್ತರ ಅಂಥಾವರಲ್ಲ,” ಅಂದ ಪ್ರಧಾನ. ಕಟ್ಟೆ ನಕ್ಕಿತು.

ಮಾಸ್ತರರೂ ನಕ್ಕರು. ಕೊಂಬೆಯಿಂದ ಕಣ್ಣು ಕೀಳದೆ ಬುಟ್ಟಿಗೆ ಕೈ ಹಾಕಿದರು.

ತಳದ ತಂಪಿನಲ್ಲಿ ಎಲೆಯ ತೊಟ್ಟುಗಳು ಬೆರಳಿಗೆ ಸುತ್ತಿಕೊಂಡವು. ಚೀರುತ್ತ ಕೈ ಎಳೆದಾಗ ಗೇಣುದ್ದವೂ ಇಲ್ಲದ ಮೂರು ಹಸಿರು ಎಳೆಗಳು ಜೋತಾಡುತ್ತಿದ್ದವು. ಒಂದು ಹೆಬ್ಬೆರಳಿಗೆ ಹಲ್ಲೂರಿತ್ತು. ಮೈಲಾರಲಿಂಗಪ್ಪ ಬುಟ್ಟಿಯನ್ನು ನೋಡಿದ. ಮಾಸ್ತರರ ಕಣ್ಣು ನೆಟ್ಟಿದ್ದ ಕೊಂಬೆಯನ್ನು ನೋಡಿದ. ತಲೆ ತಗ್ಗಿಸಿ ಮೆಲ್ಲಗೆ ಅದರಡಿಯಿಂದ ಈಚೆ ಸರಿದ. “ಅವತ್ತ ಪಾಠದಾಗ ನಾ ಎದ್ದು ಇದನ್ನ ಹೇಳಿದ್ದಕ್ಕ ಬೆತ್ತ ತಗೊಂಡ್ರಲ್ರೀ ಸರ,” ಅಂದ. “ಮಂಡಲದ ಹಾವು ತತ್ತಿ ಇಡಂಗಿಲ್ರಿ. ಮರಿ ಹಾಕತೈತಿ.”