ಅಪ್ಪನಿಗೆ ಕಂಡ ಮಾತು

"ಅಲ್ಲಲ್ಲ ಅಪ್ಪಾ, ಅದಲ್ಲ! ಹಸಿರು ಬಟನ್ ಒತ್ತು. ಕೆಂಪು ಒತ್ತಿದ್ರೆ ಕಾಲ್ ಕಟ್ ಆಗ್ಬಿಡುತ್ತೆ!"

ಅಪ್ಪ ಕೆಂಪು ಬಟನ್ನನ್ನೇ ಒತ್ತಿದ. ರಿಂಗಾಗುತ್ತಿದ್ದ ಫೋನು ಸುಮ್ಮನಾಯಿತು.

"ಹೂಂ," ಎಂದ, ದೊಡ್ಡ ಕೆಲಸವೊಂದನ್ನು ಮುಗಿಸಿದವನ ಹಾಗೆ.

ರೇಡಿಯೋ ಹಣೆ ಚಚ್ಚಿಕೊಂಡಳು.

ರೇಡಿಯೋ ಎಂದರೆ ಅಪ್ಪನ ಒಬ್ಬಳೇ ಮಗಳು, ಐದನೇ ಕ್ಲಾಸು. ಬೆಳಗ್ಗೆ ಕಣ್ಣು ಬಿಡುವಾಗ ಶುರುವಾದ ಮಾತು ನಿದ್ದೆಯಲ್ಲೂ ನಿಲ್ಲುತ್ತಿರಲಿಲ್ಲ. "ಇವಳಿಗೆ ಆಫ್ ಮಾಡೋ ಸ್ವಿಚ್ಚೇ ಇಲ್ವಲ್ಲೇ ಅಕ್ಕಾ!" ಎಂದು ಅಮ್ಮನ ತಂಗಿ, ಅಂದರೆ ಚಿಕ್ಕಮ್ಮ, ಇಟ್ಟ ಹೆಸರು ಅದು. ಈ ಫೋನೂ ಚಿಕ್ಕಮ್ಮನದೇ. ಹೊಸದು ಕೊಂಡ ಮೇಲೆ ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದಳು. ಒಂದು ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು. ಅದು ಬಿಟ್ಟರೆ ಫೋನು ಗಟ್ಟಿಮುಟ್ಟಾಗಿತ್ತು.

ಅಪ್ಪನಿಗೆ ಫೋನು ಕಲಿಸುವ ಕೆಲಸ ರೇಡಿಯೋ ಪಾಲಿಗೆ ಬಂತು. ಮೊದಲು ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಳು. ಬಿಸಿಲಲ್ಲಿ ಸ್ಕ್ರೀನಿನ ಬೆಳಕು ಹೆಚ್ಚಿಸುವುದು, ಒಳಗೆ ಬಂದಾಗ ತಗ್ಗಿಸುವುದು ಹೇಗೆಂದು ತೋರಿಸಿದಳು. "ಇಲ್ಲಾಂದ್ರೆ ಬ್ಯಾಟರಿ ಎಲ್ಲಾ ಕುಡಿದುಬಿಡುತ್ತೆ ಅಪ್ಪಾ." ಅಮ್ಮನ ಫೋಟೋ ಮುಟ್ಟಿದರೆ ಸಾಕು, ಸೀದಾ ಅಮ್ಮನಿಗೇ ಕಾಲ್ ಹೋಗುವಂತೆ ಮಾಡಿಟ್ಟಳು. ಬೆರಳು ಓಡಿದ ಹಾಗೆ ಬಾಯಿಯೂ ಓಡುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು ಬೆರಳನ್ನೇ ನೋಡುತ್ತಾ "ಹೂಂ... ಹೂಂ..." ಎನ್ನುತ್ತಿದ್ದ.

ಅಪ್ಪ ಕೆಲಸ ಮಾಡುವುದು ಬಟ್ಟೆ ನೇಯುವ ಶೆಡ್ಡಿನಲ್ಲಿ. ಕರೆಂಟಿನ ಮಗ್ಗಗಳು. ಅವನ ಕಿವಿ ಸ್ವಲ್ಪ ಮಂದ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟಿವಿ ಜೋರಾಗಿ ಇಡುತ್ತಾನೆ, ಎರಡೆರಡು ಸಲ ಕರೆಯಬೇಕು. ಅಷ್ಟೇ ಎಂದುಕೊಂಡಿದ್ದಳು ರೇಡಿಯೋ.

"ಅಪ್ಪಾ, ಶುಕ್ರವಾರ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗು. ಅಮ್ಮಂಗೆ ಆಸ್ಪತ್ರೇಲಿ ಡ್ಯೂಟಿ. ನೀನು ಬರ್ತೀಯಲ್ವಾ?" ಫೋನಿನ ಮೇಲೆ ಬಗ್ಗಿಕೊಂಡೇ ಕೇಳಿದಳು.

"ಹೂಂ," ಎಂದ ಅಪ್ಪ.

ಶುಕ್ರವಾರ ಅವನು ಬರಲಿಲ್ಲ.

ರೇಡಿಯೋ ಕ್ಲಾಸಿನ ಹೊರಗೆ ಬೆಂಚಿನ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದಳು. ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಂದರು, ಒಳಗೆ ಹೋದರು, ಮಕ್ಕಳ ಕೈ ಹಿಡಿದು ಹೊರಟರು. ಕೊನೆಗೆ ಮಿಸ್ಸು ಕಿಟಕಿ ಮುಚ್ಚುತ್ತಾ ಕೇಳಿದರು, "ನಿಮ್ಮನೆಯಿಂದ ಯಾರೂ ಬರಲಿಲ್ವೇನಮ್ಮಾ?"

"ಬರ್ತಾರೆ ಮಿಸ್. ಹೂಂ ಅಂದಿದಾರೆ."

ಮಿಸ್ಸು ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು, ರೇಡಿಯೋ ತಲೆ ಸವರಿ ಹೊರಟುಹೋದರು. ಮನೆಯವರೆಗೂ ರೇಡಿಯೋ ಒಂದು ಮಾತೂ ಆಡಲಿಲ್ಲ. ಜೊತೆಗಿದ್ದ ಗೆಳತಿ ಎರಡು ಸಲ ಅವಳ ಹಣೆ ಮುಟ್ಟಿ, ಜ್ವರ ಇದೆಯಾ ಎಂದು ನೋಡಿದಳು.

ಸಂಜೆ ಅಪ್ಪ ಬಂದ. ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ನವಿರು ಧೂಳು. ಕೈಕಾಲು ತೊಳೆಯಲು ಅವನು ನಲ್ಲಿಯ ಕಡೆ ಬಗ್ಗಿದಾಗ, ರೇಡಿಯೋ ಗೋಡೆಗೆ ಮುಖ ಮಾಡಿಕೊಂಡೇ ಕೇಳಿದಳು.

"ಯಾಕೆ ಬರಲಿಲ್ಲ ನೀನು?"

"ಹೂಂ, ಆಯ್ತಮ್ಮಾ. ಅಲ್ಲೇ ಊಟ ಮಾಡ್ದೆ."

ರೇಡಿಯೋಗೆ ಮೈಯೆಲ್ಲ ಉರಿದುಹೋಯಿತು. ತಮಾಷೆ ಮಾಡ್ತಿದಾನಾ? ಮೇಜಿನ ಮೇಲಿದ್ದ ಫೋನನ್ನು ಎಳೆದುಕೊಂಡಳು. ಎಲ್ಲವನ್ನೂ ಚಿಕ್ಕಮ್ಮನಿಗೆ ಬರೆದು ಕಳಿಸಬೇಕು, ಈಗಲೇ! ಸಿಟ್ಟಿನಲ್ಲಿ ಬೆರಳು ಎಲ್ಲೆಲ್ಲೋ ಬಿತ್ತು. ಅಕ್ಷರಗಳ ಮೇಲ್ಗಡೆ ಪುಟ್ಟ ಮೈಕಿನ ಗುರುತೊಂದಿತ್ತು. ಅದಕ್ಕೂ ಬೆರಳು ತಾಗಿತು. ಟಿಣ್ ಎಂದಿತು ಫೋನು. ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ.

"ಇವತ್ತು ಸ್ಕೂಲಿಗೆ ಎಲ್ಲರ ಅಪ್ಪ ಬಂದಿದ್ರು. ನನ್ನ ಅಪ್ಪ ಮಾತ್ರ ಬರಲಿಲ್ಲ. ನಾನು ಏನು ಹೇಳಿದ್ರೂ ಬರೀ ಹೂಂ ಅಂತಾನೆ. ಅಪ್ಪನಿಗೆ ನನ್ನ ಮಾತು ಬೇಡವೇ ಬೇಡ," ಎಂದು ಗೊಣಗಿಕೊಂಡಳು.

ಕಣ್ಣು ಒರೆಸಿಕೊಂಡು ಫೋನು ನೋಡಿದರೆ, ಅವಳು ಆಡಿದ್ದೆಲ್ಲ ಅಲ್ಲಿತ್ತು.

ಅವಳು ಒಂದು ಅಕ್ಷರವನ್ನೂ ಒತ್ತಿರಲಿಲ್ಲ. ಆದರೂ ಸಾಲು ಸಾಲಾಗಿ, ದಪ್ಪ ದಪ್ಪ ಅಕ್ಷರಗಳಲ್ಲಿ, ಅವಳ ಬಾಯಿಂದ ಬಂದ ಮಾತೇ ಕೂತಿತ್ತು.

"ಅರೆ!" ಎಂದಳು.

ಸಾಲಿನ ಕೊನೆಗೆ 'ಅರೆ' ಎಂದು ಬಂದು ಕೂತಿತು.

ಅಷ್ಟರಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತಾ ಹಿಂದೆ ಬಂದು ನಿಂತಿದ್ದ. ಅಳಿಸಬೇಕು ಎಂದು ಅವಳು ಫೋನು ಬಾಚಿಕೊಳ್ಳುವಷ್ಟರಲ್ಲಿ ಅವನ ಕಣ್ಣು ಮೊದಲ ಸಾಲಿನ ಮೇಲೆ ಬಿದ್ದಿತ್ತು. ಅಪ್ಪ ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದ. ಕೊನೆಯ ಸಾಲಿಗೆ ಬಂದಾಗ ತುಟಿ ನಿಂತುಬಿಟ್ಟಿತು.

"ಸ್ಕೂಲಿಗೆ ಬಾ ಅಂದಿದ್ಯಾ?" ಮೆಲ್ಲಗೆ ಕೇಳಿದ.

ರೇಡಿಯೋ ತಲೆಯಾಡಿಸಿದಳು.

"ನಂಗೆ ಗೊತ್ತಾಗಲಿಲ್ಲ ಪುಟ್ಟಾ." ಅಪ್ಪ ಪಕ್ಕದಲ್ಲಿ ಕುಕ್ಕರಿಸಿದ. "ಬಾಗಿಲು ಬಡಿದ್ರೆ ಕೇಳುತ್ತೆ. ಬಸ್ಸಿನ ಹಾರನ್ ಕೇಳುತ್ತೆ. ನೀನು ಮಾತಾಡಿದ್ರೆ ಸದ್ದು ಬರುತ್ತೆ, ಮಾತು ಬರಲ್ಲ."

"ಮತ್ತೆ ಯಾಕೆ ಹೂಂ ಅಂತಿದ್ದೆ?"

ಈ ಪ್ರಶ್ನೆಯೂ ಫೋನಿನ ಮೇಲೆ ಬಂತು. ಅಪ್ಪ ಓದಿಕೊಂಡ.

"ನೀನು ಅಷ್ಟೊಂದು ಖುಷಿಯಲ್ಲಿ ಹೇಳ್ತಿರ್ತೀಯ. ನಡುನಡುವೆ ನಿಲ್ಸಿ ಏನಂದೆ, ಏನಂದೆ ಅಂತ ಕೇಳಿದ್ರೆ? ಇವನಿಗೆ ಹೇಳಿ ಸುಖ ಇಲ್ಲ ಅಂತ ನೀನು ಹೇಳೋದೇ ಬಿಟ್ಟುಬಿಟ್ರೆ?"

ರೇಡಿಯೋ ಫೋನನ್ನು ಅಪ್ಪನ ಹತ್ತಿರಕ್ಕೆ ಸರಿಸಿದಳು. ಫೋನಿನಲ್ಲಿ ಮೈಕಿನ ಗುರುತು ಮಿಣಮಿಣ ಎನ್ನುತ್ತಾ ಕಾಯುತ್ತಿತ್ತು.

"ಏನಾದ್ರೂ ಹೇಳು," ಎಂದ ಅಪ್ಪ. ಅವನ ಕಣ್ಣು ಸ್ಕ್ರೀನಿನ ಮೇಲೇ ಇತ್ತು. "ಇನ್ನೊಂದು ಸಲ ನೋಡೋಣ."

"ಏನ್ ಹೇಳ್ಲಿ?"

ಅಕ್ಷರ ಬಂತು. ಅಪ್ಪ ಹುಬ್ಬೇರಿಸಿದ. "ನಿನ್ನ ಬಾಯಿಂದ ಬಂದಿದ್ದಾ ಇದು? ಈಗ ತಾನೇ ಬಂದಿದ್ದು?" ಸ್ಕ್ರೀನನ್ನು ಬೆರಳ ತುದಿಯಿಂದ ಮುಟ್ಟಿದ, ಒದ್ದೆ ಬಣ್ಣವನ್ನು ಮುಟ್ಟಿ ನೋಡುವವನ ಹಾಗೆ.

ಆಮೇಲೆ ಶುರುವಾಯಿತು ನೋಡಿ. ರೇಡಿಯೋ ಮಿಸ್ಸಿನ ಕೆಮ್ಮಿನ ಕತೆ ಹೇಳಿದಳು, ಗೆಳತಿಯ ಬೆಕ್ಕು ಟ್ಯಾಂಕಿಗೆ ಬಿದ್ದ ಕತೆ ಹೇಳಿದಳು. ಫೋನು ಒಮ್ಮೊಮ್ಮೆ ಎಡವುತ್ತಿತ್ತು. 'ಬೆಕ್ಕು ಟ್ಯಾಂಕಿಗೆ ಬಿತ್ತು' ಎನ್ನುವುದು 'ಬೇಕು ಬ್ಯಾಂಕಿಗೆ ಬಿತ್ತು' ಎಂದು ಬಂದಾಗ, "ಬ್ಯಾಂಕಿಗೆ ಬಿತ್ತಾ? ಏನು?" ಎಂದು ಅಪ್ಪ ಗಾಬರಿಯಾದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ಯೂಟಿ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಅಪ್ಪ ಅವಳನ್ನು ಕೈ ಹಿಡಿದು ಎಳೆದು ತಂದು ಕೂರಿಸಿದ. "ನೀನೂ ಏನಾದ್ರೂ ಹೇಳೇ. ಓದ್ತೀನಿ." ಅಮ್ಮ ಫೋನು ಬಾಯಿಯ ಹತ್ತಿರ ಹಿಡಿದು, ನಾಚಿಕೊಂಡು, ಬರೀ "ಕಾಲು ನೋಯ್ತಿದೆ" ಎಂದಳು. ಅಪ್ಪ ಅದನ್ನು ಓದಿ ಎದ್ದು ಹೋಗಿ ನೀರು ಬಿಸಿಗಿಟ್ಟ.

ಚಿಕ್ಕಮ್ಮನಿಗೆ ವಿಷಯ ತಿಳಿದಾಗ ಅವಳೇ ಕಾಲ್ ಮಾಡಿದಳು. "ಹೌದೇನೇ! ನಾನು ಒಂದು ದಿನಾನೂ ಅದನ್ನ ಒತ್ತಿ ನೋಡಿಲ್ಲ. ಸೆಟ್ಟಿಂಗ್ಸಲ್ಲಿ ನಮ್ಮ ಭಾಷೆ ಡೌನ್‌ಲೋಡ್ ಮಾಡೋಕೆ ಬರುತ್ತಾ ನೋಡು, ಬಂದ್ರೆ ನೆಟ್ ಇಲ್ಲದಿದ್ರೂ ನಡೆಯುತ್ತೆ. ಫ್ಯಾನ್ ಆಫ್ ಮಾಡಿ ಮಾತಾಡು, ತಪ್ಪು ಕಮ್ಮಿ ಆಗುತ್ತೆ. ಕಿವಿ ಡಾಕ್ಟರಿಗೂ ಒಂದು ಸಲ ತೋರಿಸಿ ಅಂತ ಅಕ್ಕಂಗೆ ಹೇಳು."

ಮರುದಿನ ಸ್ಕೂಲು ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದರೆ ಫೋನು ಚಾರ್ಜರಿನಲ್ಲೇ ಇತ್ತು. ಅಪ್ಪ ಮರೆತು ಹೋಗಿದ್ದ. ರೇಡಿಯೋ ಅದನ್ನು ಎತ್ತಿಕೊಂಡು ಶೆಡ್ಡಿಗೆ ಓಡಿದಳು. ಅಪ್ಪನ ಜೊತೆಯವರಿಗೆಲ್ಲ ಈ ಮಾಯೆಯನ್ನು ತೋರಿಸಬೇಕು!

ಬಾಗಿಲು ತಳ್ಳಿದಳು. ಸದ್ದು ಅವಳ ಎದೆಗೇ ಬಂದು ಗುದ್ದಿತು.

ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಚಪ್ಪಲಿಯೊಳಗೆ ಅಂಗಾಲು ನಡುಗಿತು, ಹಲ್ಲು ಜುಮ್ಮೆಂದವು. "ಅಪ್ಪಾ!" ಎಂದು ಕೂಗಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಫೋನು ತೆಗೆದು ಮೈಕು ಒತ್ತಿ, ತುಟಿಗೆ ತಾಗಿಸಿಕೊಂಡು ಗಂಟಲು ಹರಿಯುವ ಹಾಗೆ ಕಿರುಚಿದಳು. ಸ್ಕ್ರೀನು ಖಾಲಿ. ಒಂದು ಅಕ್ಷರವೂ ಬರಲಿಲ್ಲ.

ಆಗ ಅವಳು ತಲೆಯೆತ್ತಿ ನೋಡಿದಳು.

ಆ ತುದಿಯಲ್ಲಿ ಅಪ್ಪ ಕಡಿದ ನೂಲಿಗೆ ಗಂಟು ಹಾಕುತ್ತಿದ್ದ. ಈ ತುದಿಯ ಮಗ್ಗದ ಹತ್ತಿರ ಕನ್ನಡಕದ ಹೆಂಗಸೊಬ್ಬಳು ನಿಂತಿದ್ದಳು. ಅವಳು ಕೈ ಬೀಸಿದಳು. ಅಪ್ಪ ತಿರುಗಿದ. ಅವಳು ತುಟಿಗಳನ್ನು ಅಗಲವಾಗಿ, ನಿಧಾನವಾಗಿ ಅಲ್ಲಾಡಿಸಿ ಏನೋ ಹೇಳಿದಳು. ಅಷ್ಟು ದೂರದಿಂದ ಅಪ್ಪ ಪಕಪಕ ನಕ್ಕು, ತಾನೂ ತುಟಿಯಲ್ಲೇ ಏನೋ ಉತ್ತರ ಕೊಟ್ಟ. ನಡುವೆ ಇದ್ದ ಮುದುಕನೊಬ್ಬ ಕಣ್ಣಲ್ಲೇ ಒಂದು ಮಾತು ಸೇರಿಸಿದ. ಇಡೀ ಶೆಡ್ಡೇ ಹರಟೆ ಹೊಡೆಯುತ್ತಿತ್ತು. ಯಾರ ಗಂಟಲಿನಿಂದಲೂ ಸದ್ದು ಹೊರಡುತ್ತಿರಲಿಲ್ಲ.

ರೇಡಿಯೋ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಮನೆಯಲ್ಲಿ ಒಂದು ಮೂಲೆಯಲ್ಲಿ ಕೂತು ಹೂಂಗುಟ್ಟುವ ಅಪ್ಪ ಇಲ್ಲಿ ಒಂದು ಮಾತನ್ನೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಅಪ್ಪನಿಗೆ ಅವಳು ಕಂಡಳು. ಮುಖ ಅರಳಿತು. ಅಲ್ಲಿಂದಲೇ ತುಟಿ ಅಲ್ಲಾಡಿಸಿದ. ಊಟ... ಆಯ್ತಾ?

ಅವಳಿಗೆ ತಿಳಿಯಿತು! ಕೇಳಿಸದೆಯೇ ತಿಳಿಯಿತು!

ಇಷ್ಟು ದಿನ ತಾನು ಯಾವ ಕಡೆ ಮುಖ ಮಾಡಿಕೊಂಡು ಮಾತಾಡುತ್ತಿದ್ದೆ ಎಂದು ರೇಡಿಯೋ ನೆನಪಿಸಿಕೊಂಡಳು. ಪುಸ್ತಕ. ಟಿವಿ. ಗೋಡೆ. ಅಪ್ಪನ ಬೆನ್ನು.

ಫೋನನ್ನು ಜೇಬಿಗೆ ಹಾಕಿಕೊಂಡು, ಮಗ್ಗಗಳ ನಡುವಿನ ದಾರಿಯಲ್ಲಿ ಹೋಗಿ ಅಪ್ಪನ ಎದುರಿಗೆ ನಿಂತಳು. ಹಣೆಗೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ ಮುಖವನ್ನು ಮೇಲೆತ್ತಿದಳು. ಅಪ್ಪ ಬಗ್ಗಿದ.

ಅವಸರ ಮಾಡದೆ, ಒಂದೊಂದೇ ಮಾತಾಗಿ, ಅವಳು ಹೇಳಲು ಶುರು ಮಾಡಿದಳು.