ಕಿತ್ತಳೆ ಕವರಿನ ಡಿಸ್ಕ್

“ಖಾಲಿ ಆಂಟಿ! ಡಿಸ್ಕ್ ಪೂರ್ತಿ ಖಾಲಿ!”

ಸೋಮವಾರ ಮಧ್ಯಾಹ್ನ ಎರಡೂ ಕಾಲು. ಎದುರು ಮನೆಯ ಶಿಲ್ಪಶ್ರೀ ಗೇಟು ತಳ್ಳಿಕೊಂಡು ಬಂದ ರಭಸಕ್ಕೆ ‘ವಿಮಲಾ ಗಣಿತ ಟ್ಯೂಷನ್’ ಎಂಬ ನನ್ನ ಬೋರ್ಡು ಕಳಚಿ ಬಿತ್ತು. ಬೇರೆ ದಿನವಾಗಿದ್ದರೆ ಚೆನ್ನಾಗಿ ಬಯ್ಯುತ್ತಿದ್ದೆ. ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳಿಗೆ ಬೇಕಾಗಿದ್ದವಳು ನಾನಲ್ಲ, ಮಹಡಿಯ ಮೇಲಿರುವ ನಮ್ಮ ಓನರ್ ನಾಗಲಕ್ಷ್ಮಮ್ಮ.

ನಾಗಲಕ್ಷ್ಮಮ್ಮ ಬಸ್ ನಿಲ್ದಾಣವೊಂದರ ‘ಕಳೆದುಹೋದ ವಸ್ತುಗಳು’ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ನಿವೃತ್ತರಾದವರು. ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ಕೀ ಕಳೆದರೂ ಓಲೆ ಕಳೆದರೂ ಮೊದಲು ಹೇಳುವುದು ಅವರಿಗೆ. ದೇವರಿಗೆ ಆಮೇಲೆ.

“ಫ್ಲೈಟ್ ಎಷ್ಟೊತ್ತಿಗೆ?” ಮೆಟ್ಟಿಲಿಳಿಯುತ್ತಲೇ ಕೇಳಿದರು.

“ಎಂಟೂವರೆಗೆ. ಕ್ಯಾಬ್ ಮೂರೂವರೆಗೇ ಬರತ್ತೆ. ಆಂಟಿ, ಅದಿಲ್ದೆ ಹೋಗಿ ನಾನೇನ್ ಮಾಡ್ಲಿ?”

ನಾಲ್ಕು ವರ್ಷ ಹುಳಿಮಾವು ಕೆರೆಯಲ್ಲಿ ಬೆಳಗಿನ ಹಕ್ಕಿಗಳ ದನಿ ಹಿಡಿದ ಸಂಶೋಧನೆ ಅವಳದು. ಬುಧವಾರ ಲಿಸ್ಬನ್‌ನಲ್ಲಿ ಅವಳ ಕೆಲಸವನ್ನು ಅಳೆಯುವ ತೀರ್ಪುಗಾರರಿಗೆ ಆ ಮೂಲ ದನಿಗಳನ್ನೇ ಕೇಳಿಸಬೇಕು. ಕೇಳಿಸದಿದ್ದರೆ ಯೋಜನೆ ಅಲ್ಲಿಗೇ ಮುಗಿಯಿತು. ಹೊರದೇಶಕ್ಕೆ ಹೋಗುವಾಗ ಏನೂ ತುಂಬಿಸದ ಲ್ಯಾಪ್‌ಟಾಪನ್ನೇ ಒಯ್ಯಬೇಕು ಎನ್ನುವುದು ಅವಳ ಆಫೀಸಿನ ನಿಯಮವಂತೆ. ಹಾಗಾಗಿ ಎಲ್ಲವೂ ಆ ಒಂದು ಡಿಸ್ಕಿನಲ್ಲಿತ್ತು. ಆಫೀಸಿನಲ್ಲಿ ಇನ್ನೊಂದು ಪ್ರತಿ ಇದೆ, ಆದರೆ ಅದನ್ನು ಕಾಪಿ ಮಾಡಲು ಒಂಬತ್ತು ಗಂಟೆ ಬೇಕು. ಉಳಿದಿದ್ದುದು ಒಂದೂ ಕಾಲು ಗಂಟೆ!

ಎದುರು ಮನೆಯ ಕೂಗಾಟ ಬೀದಿಗೇ ಕೇಳುತ್ತಿತ್ತು. ಶಿಲ್ಪಶ್ರೀಯ ಅಪ್ಪ ಗುರುಬಸಪ್ಪ ತಮ್ಮ ತಂಗಿಯ ಮಗ ಕೈಲಾಸ್‌ನ ಮೇಲೆ ಹರಿಹಾಯುತ್ತಿದ್ದರು. ಕೈಲಾಸ್‌ಗೆ ಜಯನಗರದಲ್ಲಿ ಮೊಬೈಲ್ ಅಂಗಡಿ; ಅವಳನ್ನು ಕಳಿಸಿಕೊಡಲು ಈಗಷ್ಟೇ ಅಲ್ಲಿಂದ ಬಂದಿದ್ದ.

“ನಿನ್ನೆ ಸಂಜೆ ಡಿಸ್ಕಿಗೆ ಕೈ ಹಾಕಿದ್ದು ನೀನೇ ತಾನೇ?”

“ಮಾವ, ಪವರ್ ಬ್ಯಾಂಕನ್ನ ದೊಡ್ಡ ಸೂಟ್‌ಕೇಸಲ್ಲಿ ಇಟ್ಟಿದ್ಲು, ಅಲ್ಲಿ ಇಡಂಗಿಲ್ಲ ಅಂತ ಕೈಬ್ಯಾಗಿಗೆ ಹಾಕ್ದೆ. ಡಿಸ್ಕ್ ಒಂದ್ಸಲ ಕನೆಕ್ಟ್ ಮಾಡಿ ನೋಡ್ದೆ, ಎಲ್ಲಾ ಇತ್ತು. ದೇವರಾಣೆ!”

“ಇದ್ದಿದ್ದು ಎಲ್ಲಿಗೆ ಹೋಯ್ತು? ಅದಕ್ಕೇನು ಕಾಲು ಬಂತಾ?”

ಶಿಲ್ಪಶ್ರೀಯ ರೂಮಿನ ಮಂಚದ ಮೇಲೆ ಲ್ಯಾಪ್‌ಟಾಪು, ರೆಕಾರ್ಡರು, ಹೆಡ್‌ಫೋನು, ಲಿಸ್ಬನ್ನಿನ ದುಂಡು ಪಿನ್ನಿನ ಅಡಾಪ್ಟರು. ಪಕ್ಕದಲ್ಲೇ ಕಿತ್ತಳೆ ಬಣ್ಣದ ರಬ್ಬರ್ ಕವರಿನ ಡಿಸ್ಕು, ಕವರಿನ ಮೇಲೆ ಅವಳ ಹೆಸರು.

“ಇದರ ಅಂಗಿ ಬಿಚ್ಚಿ ನೋಡಿದ್ರಾ?” ನಾಗಲಕ್ಷ್ಮಮ್ಮ ಕೇಳಿದರು.

ಯಾರೂ ನೋಡಿರಲಿಲ್ಲ. ಅವರು ಕವರನ್ನು ಮೆಲ್ಲಗೆ ಸುಲಿದರು. ಒಳಮೈಗೆ ಬಿಳಿ ಪುಡಿ ಮೂರು ಸಾಲಾಗಿ ಅಂಟಿತ್ತು.

“ಜಯದೇವಿ, ಇದೇನಮ್ಮಾ?”

ಶಿಲ್ಪಶ್ರೀಯ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಹೋದ್ ವರ್ಷ ಚೆನ್ನೈಗೆ ಹೋಗುವಾಗ ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿದ್ದಕ್ಕೆ ಇವಳು ರಾದ್ಧಾಂತ ಮಾಡಿದ್ಲು. ಅದಕ್ಕೇ ಇವತ್ತು ಬೆಳಿಗ್ಗೆ ಏಳಕ್ಕೆ, ಇವಳು ಸ್ನಾನಕ್ಕೆ ಹೋದಾಗ, ಕವರ್ ತೆಗೆದು ಬೆನ್ನಿಗೆ ಮೂರು ಬೆರಳು ಎಳೆದು ಮತ್ತೆ ಹಾಕಿಟ್ಟೆ. ಅಷ್ಟು ದೂರ ಹೋಗೋ ಸಾಮಾನು, ಹಂಗೇ ಹೆಂಗೆ ಕಳಿಸ್ಲಿ? ಅಯ್ಯೋ, ನನ್ನ ವಿಭೂತಿಯಿಂದ್ಲೇ ಅಳಿಸೋಯ್ತಾ?”

“ಅಮ್ಮಾ!” ಶಿಲ್ಪಶ್ರೀ ತಲೆ ಹಿಡಿದುಕೊಂಡಳು.

“ಬಯ್ಯಬೇಡ, ನಿನ್ನನ್ನ ಉಳಿಸೋದು ಅದೇ,” ಎಂದರು ನಾಗಲಕ್ಷ್ಮಮ್ಮ. “ಈ ಡಿಸ್ಕಿನ ಬೆನ್ನು ನೋಡು. ಗೆರೆ ಎಲ್ಲಿ?”

ಗೆರೆ ಇರಲಿಲ್ಲ. ಅಲ್ಲಲ್ಲಿ ಕವರಿನಿಂದ ಹತ್ತಿದ ಒಂದಿಷ್ಟು ಪುಡಿ, ಅಷ್ಟೇ.

“ಏನೂ ಅಳಿಸಿಲ್ಲ. ಇದು ಬೇರೆ ಡಿಸ್ಕು! ನಿನ್ನದನ್ನ ತೆಗೆದು, ಅದೇ ಥರದ ಖಾಲಿ ಡಿಸ್ಕಿಗೆ ಈ ಅಂಗಿ ತೊಡಿಸಿದ್ದಾರೆ. ಅದೂ ಬೆಳಿಗ್ಗೆ ಏಳರ ಮೇಲೆ. ಕೈಲಾಸ್ ಬಂದಿದ್ದು ನಿನ್ನೆ.”

ಕೈಲಾಸ್ ಉಸ್ಸೆಂದು ನೆಲದ ಮೇಲೇ ಕೂತ. ಗುರುಬಸಪ್ಪ ಕ್ಷಮೆ ಕೇಳಲಿಲ್ಲ, ಫ್ಯಾನ್ ಹಾಕಿದರು.

“ಏಳರ ಮೇಲೆ ಈ ರೂಮಿಗೆ ಯಾರ್ಯಾರು ಬಂದ್ರು?” ನಾಗಲಕ್ಷ್ಮಮ್ಮ ಜಯದೇವಿಯತ್ತ ತಿರುಗಿದರು.

“ಹತ್ತಕ್ಕೆ ಪಕ್ಕದ್ಮನೆ ಸುಧಾಮಣಿ ಬಂದು ಚಟ್ನಿಪುಡಿ ಪ್ಯಾಕ್ ಮಾಡಿಟ್ಟರು,” ಎಂದರು ಜಯದೇವಿ. “ಹನ್ನೊಂದಕ್ಕೆ ಇವಳ ಜೊತೆ ಕೆಲಸ ಮಾಡೋ ಶಿವಕಿರಣ್, ಅಡಾಪ್ಟರ್ ಕೊಡೋಕೆ.”

“ಸುಧಾಮಣಿನೇ!” ಎಂದೆ ನಾನು. ನನ್ನ ಕುಕ್ಕರ್ ಒಯ್ದು ಎರಡು ತಿಂಗಳಾಯಿತು, ಇನ್ನೂ ಕೊಟ್ಟಿಲ್ಲ. ನಾಗಲಕ್ಷ್ಮಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಅಷ್ಟರಲ್ಲಿ ಶಿವಕಿರಣ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಒಳಬಂದ. ಗಾಬರಿಯಲ್ಲಿ ಶಿಲ್ಪಶ್ರೀ ಮೊದಲು ಫೋನ್ ಮಾಡಿದ್ದೇ ಅವನಿಗೆ.

“ಸಿಕ್ತಾ? ಕ್ಯಾಬಲ್ಲಿ ಕೂತು ರಿಕವರಿ ಸಾಫ್ಟ್‌ವೇರ್ ಹಾಕಿ ನೋಡು. ಹಂಗೆಲ್ಲಾ ಪೂರ್ತಿ ಅಳಿಸಿ ಹೋಗಲ್ಲ.”

“ಪಾಪ, ಒಳ್ಳೇ ಹುಡುಗ,” ಜಯದೇವಿ ನನ್ನ ಕಿವಿಯಲ್ಲಿ ಹೇಳಿದರು. “ಬೆಳಿಗ್ಗೆ ಹೋಗುವಾಗ ಹಣೇಲಿ ವಿಭೂತಿ ಇತ್ತು, ಮಜ್ಜಿಗೆ ಕುಡಿದು ಹೋದ. ಈಗಿನ ಹುಡುಗರು ಯಾರು ಇಡ್ತಾರೆ?”

ಕಿವಿಯಲ್ಲಿ ಹೇಳಿದರೂ ಅವರದು ಕಂಚಿನ ಕಂಠ. ನಾಗಲಕ್ಷ್ಮಮ್ಮ ತಲೆಯೆತ್ತಿದರು. ಹುಡುಗನ ಹಣೆಯಲ್ಲಿ ಬೆವರಿಗೆ ಇಳಿದ ಬಿಳಿ ಗೆರೆ ಇನ್ನೂ ಇತ್ತು.

“ಶಿಲ್ಪಾ, ಬೆಳಿಗ್ಗೆ ಈ ರೂಮಲ್ಲಿ ಫೋಟೋ ಏನಾದ್ರೂ ತೆಗೆದ್ಯಾ?”

“ಒಂದು ತೆಗೆದೆ. ವಾಪಸ್ ಬರುವಾಗ ಕಸ್ಟಮ್ಸ್‌ನವರು ಕೇಳಿದ್ರೆ, ಇವೆಲ್ಲ ಇಲ್ಲಿಂದ್ಲೇ ಒಯ್ದಿದ್ದು ಅಂತ ತೋರಿಸೋಕೆ.”

ಹನ್ನೊಂದೂ ಐದರ ಫೋಟೋ. ಮಂಚದ ಮೇಲೆ ಸಾಮಾನು ಸಾಲಾಗಿ ಹರಡಿದೆ. ಮಗ್ಗುಲಲ್ಲಿ ಶಿವಕಿರಣ್ ಅಡಾಪ್ಟರ್ ಹಿಡಿದು ನಗುತ್ತಿದ್ದಾನೆ.

ಗಡಿಯಾರ ಮೂರು ಹೊಡೆಯಿತು. ಈಕೆ ಮಾತ್ರ ಫೋಟೋ ನೋಡುತ್ತ ಕೂತಿದ್ದಾರಲ್ಲ!

“ಗುರುಬಸಪ್ಪನೋರೆ, ಹನ್ನೊಂದರಿಂದ ಹನ್ನೆರಡರ ತನಕ ದೇವರ ಮನೇಲಿ ಯಾರಿದ್ರು?”

“ನಾನೇ. ಲಿಂಗಪೂಜೆ ಮಾಡ್ತಿದ್ದೆ, ಒಳಗಿಂದ ಚಿಲಕ ಹಾಕ್ಕೊಂಡು.”

“ವಿಭೂತಿ ಗಟ್ಟಿ?”

“ನನ್ನ ಮುಂದೇನೇ ಇತ್ತು. ಯಾಕೆ?”

ನಾಗಲಕ್ಷ್ಮಮ್ಮ ತಿರುಗಿದರು. “ಶಿವಕಿರಣ್, ನಿನ್ನ ಹಣೆಗೆ ವಿಭೂತಿ ಎಲ್ಲಿಂದ ಬಂತಪ್ಪಾ?”

“ಅದು... ಬೆಳಿಗ್ಗೆ ಮನೇಲಿ ಇಟ್ಕೊಂಡು ಬಂದೆ.”

“ಈ ಫೋಟೋದಲ್ಲಿ ನಿನ್ನ ಹಣೆ ಬೋಳಾಗಿದೆಯಲ್ಲ?”

ಅವನು ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

“ಬರುವಾಗ ಇರಲಿಲ್ಲ, ಹೋಗುವಾಗ ಇತ್ತು. ದೇವರ ಮನೆಗೆ ಚಿಲಕ. ಈ ಮನೇಲಿ ಕೈಗೆ ಸಿಗೋ ಹಂಗೆ ವಿಭೂತಿ ಇದ್ದಿದ್ದು ಇನ್ನೊಂದೇ ಕಡೆ, ಈ ಕವರಿನೊಳಗೆ. ಅದು ಜಯದೇವಿ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಶಿಲ್ಪಾ ಮಜ್ಜಿಗೆ ತರೋಕೆ ಆಚೆ ಹೋದಾಗ ನೀನು ಕವರ್ ಸುಲಿದೆ, ಬೆರಳಿಗೆ ಅಂಟ್ತು. ಬೇರೆಯವರಾಗಿದ್ರೆ ಪ್ಯಾಂಟಿಗೆ ಒರೆಸ್ಕೋತಿದ್ರು. ನೀನು ಒರೆಸ್ಕೊಳ್ಳಲಿಲ್ಲ. ವಿಭೂತಿ ಕೆಳಗೆ ಚೆಲ್ಲಬಾರದು, ಕೈಗೆ ಹತ್ತಿದ್ದು ಹಣೆಗೇ ಹೋಗಬೇಕು ಅಂತ ಮನೇಲಿ ಚಿಕ್ಕಂದಿನಿಂದ ಕಲಿಸಿದಾರೆ. ಕಳ್ಳತನ ಮಾಡುವಾಗ್ಲೂ ಕೈ ಅದನ್ನ ಮರೀಲಿಲ್ಲ.”

ಶಿವಕಿರಣ್ ಗೋಡೆಗೆ ಒರಗಿದ. “ಸ್ಕೂಟರ್ ಡಿಕ್ಕೀಲಿದೆ.”

ಕೈಲಾಸ್ ಹೊರಗೆ ಓಡಿದ.

“ಯಾಕೋ?” ಶಿಲ್ಪಶ್ರೀ ಅವನೆದುರು ಬಂದು ನಿಂತಳು. “ಅಲ್ಲಿ ಹೋಗಿ ಎಲ್ಲರ ಮುಂದೆ ನಾನು ಬಾಯಿ ಬಿಡ್ಕೊಂಡು ನಿಲ್ಲಲಿ ಅಂತಾನಾ?”

“ಹೌದು! ನಿನ್ನ ಮೊದಲ ಸ್ಲೈಡ್ ತೆಗೆದು ನೋಡು. ನಾಲ್ಕು ವರ್ಷ ಬೆಳಿಗ್ಗೆ ಐದಕ್ಕೆ ಕೆರೆ ಏರಿ ಮೇಲೆ ಮೈಕ್ ಹಿಡಿದು ಕೂತೋನು ಯಾರು? ನನ್ನ ಹೆಸರೆಲ್ಲಿ?”

“ಕೊನೇ ಸ್ಲೈಡಲ್ಲಿ ಥ್ಯಾಂಕ್ಸ್ ಅಂತ...”

“ಟೀ ಕೊಡ್ತಿದ್ದ ಬೈರಣ್ಣನ ಹೆಸರಿನ ಕೆಳಗೆ!”

ಕೈಲಾಸ್ ತಂದುಕೊಟ್ಟ ಡಿಸ್ಕಿನ ಬೆನ್ನ ಮೇಲೆ ಮೂರು ಗೆರೆಗಳು, ಒಂದು ಕೊನೆ ಉಜ್ಜಿಹೋಗಿತ್ತು. ಶಿಲ್ಪಶ್ರೀ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೈಗೆ ಸಿಕ್ಕ ಫೈಲೊಂದನ್ನು ಒತ್ತಿದಳು. ಮೊದಲು ಕೇಳಿದ್ದು ಹಕ್ಕಿಯಲ್ಲ, ನಿದ್ದೆಗಣ್ಣಿನ ಒಂದು ಗಂಡು ದನಿ.

“ಹುಳಿಮಾವು ಕೆರೆ. ಬೆಳಿಗ್ಗೆ ಐದೂ ಹತ್ತು. ಮಂಜಿದೆ. ರೆಕಾರ್ಡ್ ಮಾಡ್ತಿರೋದು ಶಿವಕಿರಣ್.”

ಆಮೇಲೆ ಕೆಂಬೂತ ಕೂಗಿತು.

ಶಿಲ್ಪಶ್ರೀ ಇನ್ನೊಂದು ಫೈಲು ಒತ್ತಿದಳು, ಮತ್ತೊಂದು. ಎಲ್ಲದರ ಮೊದಲಲ್ಲೂ ಅದೇ ದನಿ, ಅದೇ ಹೆಸರು. ಅವಳು ಲಿಸ್ಬನ್ನಿನಲ್ಲಿ ಕೇಳಿಸಲು ಈ ಮೊದಲ ಮಾತನ್ನೆಲ್ಲ ಕತ್ತರಿಸಿದ ಬೇರೆ ಪ್ರತಿಗಳನ್ನು ಇಟ್ಟಿದ್ದಳಂತೆ.

ಹೊರಗೆ ಕ್ಯಾಬ್ ಹಾರ್ನ್ ಮಾಡಿತು. ಅವಳು ಮೊದಲ ಸ್ಲೈಡ್ ತೆರೆದು, ತನ್ನ ಹೆಸರಿನ ಪಕ್ಕದಲ್ಲಿ ಅವನ ಹೆಸರು ಟೈಪ್ ಮಾಡಿ, ಪರದೆಯನ್ನು ಅವನ ಕಡೆ ತಿರುಗಿಸಿದಳು.

“ಹೆಸರು ಹಾಕಿದೀನಿ. ತಪ್ಪು ನಂದೂ ಇದೆ. ಆದ್ರೆ ಇನ್ಮೇಲೆ ನೀನು ನಮ್ಮನೆಗೆ ಬರ್ಬೇಡ.”

ಜಯದೇವಿ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲಿ ಅಳುಕುತ್ತ ನಿಂತಿದ್ದರು. ಶಿಲ್ಪಶ್ರೀ ಡಿಸ್ಕನ್ನು ತಾನೇ ಅಮ್ಮನ ಮುಂದೆ ಹಿಡಿದಳು.

“ಈ ಸಲ ಮೇಲುಗಡೇನೇ ಹಚ್ಚಮ್ಮಾ.”

ಶಿವಕಿರಣ್‌ನ ಹಣೆಯ ಬೆವರು ವಿಭೂತಿಯ ಜೊತೆ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದ. ಒರೆಸಿಕೊಳ್ಳದೆ ಕೈ ಇಳಿಸಿ, ಚಪ್ಪಲಿ ಹಾಕಿಕೊಂಡು ಹೊರಟುಹೋದ.